ಸಾಹೇಬರು ಕಾಡು ನೋಡಲು ಬಂದದ್ದು

ಅನುದಾನದ ಮೇಲೆ ಹೊಟ್ಟೆ ಹೊರೆಯುವವನ ಬಾಳಿನಲ್ಲಿ ನಗುವಂಥ ಪ್ರಸಂಗಗಳಿಗೆ ಬರವಿಲ್ಲ. ಆದರೆ ಅವು ನಡೆಯುವಾಗ ಬರುವುದು ಬೆವರು, ನಗು ಬರುವುದು ಎಷ್ಟೋ ವರ್ಷಗಳ ಮೇಲೆ. ಎರಡು ಸಾವಿರದ ಇಸವಿಯ ಆಸುಪಾಸು, ಬೆಳಗಾವಿಯ ಮಹಾಂತೇಶ ನಗರದ ಬಾಡಿಗೆ ಮನೆಯೊಂದರಲ್ಲಿ ನಮ್ಮ ಪುಟ್ಟ ಸಂಸ್ಥೆಯ ಕಚೇರಿ ಇತ್ತು. ಖಾನಾಪುರದ ಕಾಡು ಎಷ್ಟು ಆರೋಗ್ಯವಾಗಿದೆ ಎಂದು ಅಳೆದು ವರದಿ ಕೊಡಲು ನಮಗೆ ಅನುದಾನ ಸಿಕ್ಕಿತ್ತು, ಅದೂ ಮೊದಲ ಕಂತು ಮಾತ್ರ. ಪರಿಶೀಲನೆಗೆ ಬೆಂಗಳೂರಿನಿಂದ ಬರುವ ಸಾಹೇಬರು ಮೆಚ್ಚಿದರೆ ಎರಡನೆಯ ಕಂತು, ಇಲ್ಲವಾದರೆ ಕಚೇರಿಗೆ ಬೀಗ. ಈ ಕೆಲಸದ ಹುಚ್ಚಿಗೆ ನಾನು ಕಾಲೇಜಿನಲ್ಲಿ ಪಾಠ ಹೇಳುವ ನೌಕರಿ ಬಿಟ್ಟಿದ್ದೆ. ಅಂದಿನಿಂದ ಹೆಂಡತಿ ನನ್ನೊಡನೆ ಚಹಾ ಬೇಕೋ ಬೇಡವೋ ಎಂಬಷ್ಟೇ ಮಾತಾಡುತ್ತಿದ್ದಳು.

ಮಾವನವರ ಸಲಹೆ

ಮಗಳ ಗತಿ ಏನಾಯಿತೆಂದು ನೋಡಲು ಮಾವನವರು ಬಂದರು. ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು.

"ಅಲ್ರಿ ಅಳಿಯಂದಿರ, ಕಾಡು ಹೆಂಗೈತಿ ಅಂತ ನೋಡಾಕ ಯಾರರೆ ಪಗಾರ ಕೊಡ್ತಾರೇನ್ರಿ?"

"ಕೊಡ್ತಾರ್ರಿ ಮಾವಾರ."

"ಮತ್ತ ಹೆಂಗೈತಿ?"

"ಇನ್ನೂ ನೋಡಾಕತ್ತೀವ್ರಿ."

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕಿವಿಗೊಟ್ಟು ನಿಂತಿದ್ದಳು. ಬೈಗುಳಕ್ಕೆ ನಾನೂ ತಯಾರಾಗಿದ್ದೆ. ಮಾವನವರು ಬೈಯಲಿಲ್ಲ:

"ಛಲೋ ಐತಿ ಅಂದ್ರ ಇನ್ನ ನೋಡೂದು ಬ್ಯಾಡ ಅಂತಾರ. ಕೆಟ್ಟೈತಿ ಅಂದ್ರ ನಿಮ್ಮನ್ನ ಯಾಕ ಇಟಗೋಬೇಕು ಅಂತಾರ. ನೋಡಾಕತ್ತೀವಿ ಅಂತನ ಹೇಳ್ಕೋತ ಹೋಗ್ರಿ, ರಿಟೈರ್ ಆಗೂತನಕಾ."

ಹಗ್ಗ

ಕಾಡಿನಲ್ಲಿ ಅಲ್ಲಲ್ಲಿ ಹಗ್ಗ ಕಟ್ಟಿ ಚೌಕ ಮಾಡಿಕೊಂಡು, ಅದರೊಳಗೆ ಇರುವುದನ್ನೆಲ್ಲ ಎಣಿಸುವುದು ನಮ್ಮ ಪದ್ಧತಿ. ಖಾನಾಪುರದ ಆಚೆಯ ಒಂದು ಊರಿನಲ್ಲಿ ಹಗ್ಗ ಕಟ್ಟಿ ಮುಗಿಸಿ ತಲೆ ಎತ್ತುತ್ತೇನೆ, ಸುತ್ತಲೂ ಊರ ಮಂದಿ. ಕೆಲವರ ಕೈಯಲ್ಲಿ ಕುಡಗೋಲು. ಮುಂದೆ ಊರ ಹಿರಿಯರೊಬ್ಬರು.

"ಹಗ್ಗ ಯಾಕ ಕಟ್ಟೀರಿ? ನಮ್ಮ ಕಾಡು ಯಾರಿಗೆ ಮಾರೀರಿ?"

"ಮಾರಾಕಲ್ರಿ, ಎಣಸಾಕ." ಎಂದೆ.

"ಏನ ಎಣಸ್ತೀರಿ?"

"ಗಿಡ, ಸಸಿ, ಹುಳಾ, ಇರವಿ..."

"ಇರವಿ ಎಣಿಸಿ ಏನ ಮಾಡ್ತೀರಿ?"

"ಬರಕೋತೀವ್ರಿ."

ಹಿರಿಯರ ಮುಖದಲ್ಲಿದ್ದ ಸಿಟ್ಟು ಕರಗಿ ಮರುಕವಾಯಿತು. ಮಂದಿಯ ಕಡೆ ತಿರುಗಿ ಮರಾಠಿಯಲ್ಲಿ, "ಸೋಡಾ ರೇ, ಶಿಕಲೇಲಿ ಮಾಣಸಂ ಆಹೇತ್" ಎಂದರು. ಬಿಡ್ರೋ, ಕಲಿತ ಮಂದಿ ಅದಾರ ಅಂತ. ಕುಡಗೋಲುಗಳು ಕೆಳಗಿಳಿದವು. ಕಲಿತದ್ದು ನನ್ನ ಜೀವ ಉಳಿಸಿದ್ದು ಅದೊಂದೇ ಸಲ.

ಒಂದು ಹೆಚ್ಚಿನ ಪ್ರಾಣಿ

ಸಾಹೇಬರು ಬಂದೇಬಿಟ್ಟರು. ಮಾತು ಕಡಿಮೆ, ಪೆನ್ನು ಮಾತ್ರ ಸದಾ ತೆರೆದೇ ಇರುತ್ತಿತ್ತು. ಬಾಡಿಗೆ ಜೀಪಿನ ಚಾಲಕ ಬೆಳಗಾವಿಯ ದಂಡುಪ್ರದೇಶ ಕ್ಯಾಂಪಿನವನು, ಉರ್ದು ಬೆರೆಸಿ ಮಾತಾಡುವವನು. ಕಾಡಿನ ಸುದ್ದಿ ತೆಗೆಯಬೇಡಪ್ಪ ಎಂದು ಅವನಿಗೆ ಮೊದಲೇ ಕೈಮುಗಿದಿದ್ದೆ. ದೇಸೂರಿನಲ್ಲಿ ರೈಲ್ವೆ ಗೇಟು ಹಾಕಿತ್ತು. ಸುಮ್ಮನೆ ಕೂತು ಬೇಸರವಾಗಿ ಸಾಹೇಬರು ಅವನನ್ನೇ ಕೇಳಿದರು, "ಏನಪ್ಪಾ, ಈ ಕಾಡಲ್ಲಿ ಯಾವ್ಯಾವ ಪ್ರಾಣಿ ಇವೆ?"

"ಸಬ್ ಹೈ ಸಾಬ್. ಕರಡಿ ಅದ, ಹುಲಿ ಅದ, ಸಿಂಹ ಭೀ ಅದ."

ಓಡುತ್ತಿದ್ದ ಪೆನ್ನು ಸಿಂಹದಲ್ಲಿ ನಿಂತಿತು. ಸಾಹೇಬರು ನಿಧಾನವಾಗಿ ನನ್ನತ್ತ ತಿರುಗಿದರು. ನಾನು ಬರದ ರೈಲನ್ನು ನೋಡುತ್ತ ಕೂತೆ.

ಖಾನಾಪುರದಲ್ಲಿ ಚಹಾಕ್ಕೆ ಇಳಿದಾಗ ಅವನನ್ನು ಪಕ್ಕಕ್ಕೆ ಎಳೆದೆ. "ಸಿಂಹ ಎಲ್ಲಿಂದ ತಂದ್ಯಪಾ?"

"ಕನ್ನಡಿಯೊಳಗ ನಿಮ್ಮ ಮಾರಿ ನೋಡಿದ್ನಿ ಸಾಬ್, ಭಾಳ ಸಣ್ಣ ಆಗಿತ್ತು. ಪಾಪ ಅನಿಸ್ತು, ಒಂದ ಹೆಚ್ಚ ಹಾಕಿದ್ನಿ."

ಸ್ವಚ್ಛ ಕಾಡು

ಕಾಡಿನ ಆರೋಗ್ಯ ಇರುವುದು ನಾವು ಕಸ ಎನ್ನುವುದರಲ್ಲಿ. ಬಿದ್ದ ಮರ, ಕೊಳೆತ ಎಲೆ, ಅಣಬೆ, ಕಾಲಿಡಲಾಗದಷ್ಟು ಪೊದೆ, ಇವೆಲ್ಲ ಇದ್ದಷ್ಟೂ ಅಂಕ ಹೆಚ್ಚು. ಇಂಥದ್ದೆಲ್ಲ ಯಥೇಚ್ಛವಾಗಿದ್ದ ಒಂದು ಜಾಗವನ್ನು, ಅದೇ ಹಿರಿಯರ ಊರಿನ ಬಳಿ, ಸಾಹೇಬರಿಗಾಗಿ ಆರಿಸಿಟ್ಟಿದ್ದೆವು. ಹಿರಿಯರಿಗೆ ನಾನು ಹೇಳಿದ್ದು ಇಷ್ಟೇ: "ಸಾಹೇಬ್ರು ಕಾಡು ನೋಡಾಕ ಬರ್ತಾರ, ಸ್ವಲ್ಪ ಕಾಳಜಿ ಇರಲಿ." ನಮ್ಮ ಮೇಲೆ ಅವರಿಗೆ ಮರುಕ ಹುಟ್ಟಿತ್ತಲ್ಲ, ಕಾಳಜಿಯನ್ನು ಪೂರಾ ಮಾಡಿದ್ದರು.

ಜೀಪಿನಿಂದ ಇಳಿದು ನೋಡುತ್ತೇನೆ, ನೆಲವೆಲ್ಲ ಗುಡಿಸಿದೆ. ಒಂದು ಎಲೆ ಇಲ್ಲ, ಒಂದು ಪೊದೆ ಇಲ್ಲ. ಮರಗಳಿಗೆಲ್ಲ ಸೊಂಟದ ತನಕ ಸುಣ್ಣ, ಅದರ ಮೇಲೆ ಕೆಮ್ಮಣ್ಣಿನ ಪಟ್ಟೆ.

"ಬಿದ್ದಿರೋ ಮರ ಎಲ್ಲಿ?" ಎಂದರು ಸಾಹೇಬರು.

"ಒಂದ ಕಡ್ಡಿ ಸುದ್ದಾ ಬಿಟ್ಟಿಲ್ರಿ," ಹಿರಿಯರು ಹೆಮ್ಮೆಯಿಂದ ಒಲೆಯತ್ತ ಕೈ ತೋರಿಸಿದರು. "ನಿಮ್ಮ ಊಟಾನ ಅದರಾಗ ಆಗಾಕತ್ತೈತಿ."

ಸಾಹೇಬರು ಪೆನ್ನಿಗೆ ಟೊಪ್ಪಿಗೆ ಹಾಕಿದರು. ನನ್ನ ಕಣ್ಣ ಮುಂದೆ ಕಚೇರಿಯ ಬೀಗ ಬಂತು, ಅದರ ಹಿಂದೆ ಹೆಂಡತಿ ಬಂದಳು. "ಕಾಡೆಲ್ಲಾ ಹಿಂಗೇನಾ?" ಎಂದು ಸಾಹೇಬರು ಕೇಳಿದರು.

ಹಿರಿಯರು ತಲೆ ತಗ್ಗಿಸಿದರು. "ಖರೇ ಹೇಳ್ತೇನ್ರಿ, ಗುಡ್ಡದ ಆಚೀಕಿನ ಕಾಡು ಭಾಳ ಹೊಲಸೈತಿ. ಬಿದ್ದ ಗಿಡ ಬಿದ್ದಲ್ಲೇ ಕೊಳತಾವು, ಅಣಬಿ ಎದ್ದಾವು. ಅಷ್ಟು ದೂರ ಮುಟ್ಟಾಕ ಆಗಲಿಲ್ರಿ."

"ಅಲ್ಲಿಗೆ ಹೋಗೋಣ."

"ಬ್ಯಾಡ್ರಿ, ನಮ್ಮ ಊರ ಮರ್ಯಾದಿ ಹೋಗ್ತದ." ಹಿರಿಯರು ದಾರಿಗೆ ಅಡ್ಡ ನಿಂತೇಬಿಟ್ಟರು. ನನ್ನನ್ನು ಬದುಕಿಸುವ ಜಾಗ ಗುಡ್ಡದ ಆಚೆ, ಊರ ಮರ್ಯಾದೆ ಮಧ್ಯದಲ್ಲಿ. ನಾನು ಅವರ ಎರಡೂ ಕೈ ಹಿಡಿದು, "ನನ್ನ ಸಂಸಾರ ಉಳಸ್ರಿ ಅಜ್ಜಾರ" ಎಂದೆ. ಅವರು ಒಲ್ಲದ ಮನಸ್ಸಿನಿಂದ ಸರಿದರು.

ಆಚೆಯ ಕಾಡಿನಲ್ಲಿ ಸಾಹೇಬರು ಮೊಣಕಾಲಮಟ್ಟದ ಎಲೆರಾಶಿಯಲ್ಲಿ ಓಡಾಡಿದರು. ಕೊಳೆತ ದಿಮ್ಮಿಗಳನ್ನು ತಬ್ಬಿಕೊಂಡೇ ಅಳೆದರು. ಹಿರಿಯರು ಹಿಂದೆ ಹಿಂದೆ ನಡೆದು ಒಂದೊಂದು ಅಣಬೆಗೂ, "ತಪ್ಪ ತಿಳಕೋಬ್ಯಾಡ್ರಿ" ಎನ್ನುತ್ತಿದ್ದರು. ಸಂಜೆ ಸಾಹೇಬರು ನನ್ನ ಬೆನ್ನು ತಟ್ಟಿ, "ಎರಡನೇ ಕಂತಿಗೆ ಬರೀತೀನಿ. ವರ್ಷ ಬಿಟ್ಟು ಬಂದು ಇದೇ ಜಾಗ ಮತ್ತೆ ನೋಡ್ತೀನಿ" ಎಂದು ಜೀಪು ಹತ್ತಿದರು. ನನಗೆ ಅಳು ಬರುವಷ್ಟು ಖುಷಿಯಾಯಿತು.

ನಾನೂ ಹತ್ತಬೇಕು, ಅಷ್ಟರಲ್ಲಿ ಹಿರಿಯರು ತೋಳು ಹಿಡಿದು ಕಿವಿಯಲ್ಲಿ ಹೇಳಿದರು: "ನಿಮ್ಮ ಸಾಹೇಬ್ರು ದೊಡ್ಡ ಮನಷ್ಯಾ. ಅಷ್ಟ ಹೊಲಸ ನೋಡಿದ್ರೂ ಒಂದ ಮಾತ ಬೈಲಿಲ್ಲ. ನೀವು ಕಾಳಜಿ ಬಿಡ್ರಿ ಸರ, ನಾಳೆ ಮುಂಜಾನಿನ ಊರ ಮಂದೀನೆಲ್ಲಾ ಹಚ್ಚಿ ಅದನ್ನೂ ಸ್ವಚ್ಛ ಮಾಡಸ್ತೀನಿ."

ಸಾಹೇಬರೊಬ್ಬರನ್ನೇ ಬೆಳಗಾವಿಗೆ ಕಳಿಸಿ, ಕಾಡು ಕಾಯಲು ನಾನು ಆ ಊರಲ್ಲೇ ಉಳಿದೆ.