ರ್ಯಾಪಿಗೆ ‘ರಿ’ ಹಚ್ಚಬಾರದು

ನಮ್ಮ ಕಾಕಾರನ್ನು ಬೈಯುವುದಕ್ಕೆ ಒಬ್ಬರು ಬೇಕಾಗಿದ್ದಾರೆ. ತಮಾಷೆಯಲ್ಲ! ಇಡೀ ಸುರಪುರದಲ್ಲಿ ಹುಡುಕಿದರೂ ಅಂಥವರು ಸಿಕ್ಕಿಲ್ಲ. ಎಲ್ಲರೂ ಮರ್ಯಾದಸ್ಥರು.

ಕಾಕಾ ನಿವೃತ್ತ ಡ್ರಾಯಿಂಗ್ ಮಾಸ್ತರರು, ಮದುವೆಯಾಗದವರು, ಹಿಪ್-ಹಾಪ್ ಹುಚ್ಚಿನವರು. ಹರೆಯದಲ್ಲಿ ಶಹಾಪುರದಲ್ಲಿ ಟಿವಿ ಡಬ್ಬಿಯ ರಟ್ಟು ಹಾಸಿ, ತಲೆ ಕೆಳಗಾಗಿ ಬುಗುರಿಯಂತೆ ತಿರುಗುತ್ತಿದ್ದರಂತೆ. ರಟ್ಟು ಹರಿಯಿತು, ಅದಕ್ಕೇ ಬಿಟ್ಟೆ ಎನ್ನುತ್ತಾರೆ ಅವರು. ಕುತ್ತಿಗೆ ಉಳುಕಿತು, ಅದಕ್ಕೇ ಬಿಟ್ಟ ಎನ್ನುತ್ತಿದ್ದರು ಅವರ ಅಣ್ಣ, ತೀರಿಹೋದ ನಮ್ಮಪ್ಪ. ನಾನಾಗ ಹುಟ್ಟಿರಲೇ ಇಲ್ಲ. ಆದರೂ ಆ ರಟ್ಟಿನ ಮೇಲಿನ ಅಕ್ಷರ ನನಗೆ ಸ್ಪಷ್ಟವಾಗಿ ನೆನಪಿದೆ! ಇಂಥ ನೆನಪನ್ನು ನಂಬುವುದು ಹೇಗೆ?

ಒಂದು ಪ್ಲೇಟ್ ಮಂಡಕ್ಕಿ ಸುಸಲಾ ಮುಗಿಯುವುದರೊಳಗೆ ಕಾಕಾ ಹಿಪ್-ಹಾಪಿನ ಚರಿತ್ರೆಯನ್ನೆಲ್ಲ ಹೇಳಿಬಿಡುತ್ತಾರೆ.

“ಮೊದಲ ಕುಣದ್ರು. ಆಮ್ಯಾಲ ಸಿಟ್ಟಿಗೆದ್ದು ಬೈದ್ರು. ರೊಕ್ಕ ಬಂತು, ಕೊಳ್ಳಾಗ ಬಂಗಾರದ ಸರಪಳಿ ಹಾಕ್ಕೊಂಡ್ರು. ಈಗ ಮಷೀನಿನಾಗ ದನಿ ಹಾಕಿ ಅಳಾಕತ್ತಾರ. ಮನಷಾನ ಬಾಳೂ ಹಿಂಗ ಅಲ್ಲೇನಲೇ?”

“ನಿಮಗ ಬಂಗಾರ ಎಲ್ಲಿ ಬಂತ್ರಿ ಕಾಕಾ?”

“ಅದೊಂದು ಬಿಟ್ಟು ಉಳದದ್ದೆಲ್ಲ ಆಗ್ಯಾದ.”

ಅವರಿಗೆ ಪ್ರಾಣವೆಂದರೆ ಬ್ಯಾಟಲ್. ಇಬ್ಬರು ಎದುರುಬದುರು ನಿಂತು ತಾಳಕ್ಕೆ ಸರಿಯಾಗಿ ಒಬ್ಬರನ್ನೊಬ್ಬರು ಬೈಯಬೇಕು. ಇಬ್ಬರು ಬೇಕು, ನೋಡಿ. ತೊಂದರೆ ಅಲ್ಲೇ!

ಒಮ್ಮೆ ಶಹಾಪುರದ ಬಸ್ಸಿನಲ್ಲಿ ಕಂಬಿ ಬಡಿಯುತ್ತ ಕಂಡಕ್ಟರನಿಗೆ ಸವಾಲು ಹಾಕಿದರು: “ಹರಕ ಸೀಟಿನ ಮುರಕ ಗಾಡಿ, ತಡಾ ಯಾಕ ಮಾಡ್ತಿ ಖೋಡಿ!”

“ಹೌದ್ರಿ ಸರ, ತಡಾ ಆಗ್ಯಾದ್ರಿ. ಮುಂದ ಸೀಟ್ ಖಾಲಿ ಅದ, ಕುಂದರ್ರಿ.”

ಕಾಕಾರ ಮುಖ ಸಪ್ಪಗಾಯಿತು. “ನೋಡಿದಿ? ಸೀಟ್ ಕೊಟ್ಟು ಮಾನ ಕಳದ!” (ಅದು ಯಾದಗಿರಿ ಬಸ್ಸು ಎಂದು ನನ್ನ ತಂಗಿಯ ವಾದ. ಆ ದಿನ ಅವಳು ಬಸ್ಸಿನಲ್ಲಿದ್ದಳೇ? ನಾನಿದ್ದೆನೇ?)

ಯಾದಗಿರಿಯಲ್ಲಿ ಕಾಲೇಜು ಹುಡುಗರು ರ್ಯಾಪ್ ಮಾಡುತ್ತಾರೆಂದು ಕೇಳಿ, ಇಸ್ತ್ರಿ ಅಂಗಿ ತೊಟ್ಟು ಕಾಳಗಕ್ಕೇ ಹೊರಟರು. ಸಂಜೆಗೆ ಜೋಲುಮೋರೆ ಹಾಕಿಕೊಂಡು ಬಂದರು.

“ಸೋತ್ರೇನ್ರಿ?”

“ಕಾಲು ಮುಟ್ಟಿದ್ರೋ! ಆಶೀರ್ವಾದ ಮಾಡ್ರಿ ಅಜ್ಜಾ ಅಂದ್ರು!”

ಅವರನ್ನು ಬೈಯುವವನೊಬ್ಬನಿದ್ದ. ಶಹಾಪುರದ ಟೇಲರ್, ಹರೆಯದಲ್ಲಿ ಅದೇ ರಟ್ಟಿನ ಮೇಲೆ ಕಾಕಾರ ಜೊತೆ ತಿರುಗಿದವ. ಕಂಡಲ್ಲೆಲ್ಲ “ಲೇ ಹಂದಿ, ಇನ್ನೂ ಸತ್ತಿಲ್ಲೇನಲೇ?” ಎನ್ನುತ್ತಿದ್ದ. “ನಿನ್ನ ಹೊತ್ತು ಹಾಕೇ ಸಾಯ್ತೀನಲೇ” ಎನ್ನುತ್ತಿದ್ದರು ಕಾಕಾ. ಹೋದ ವರ್ಷ ಮಸಣಕ್ಕೆ ಹೊತ್ತು ಹಾಕಿಯೂ ಬಂದರು. ಅಲ್ಲಿಗೆ ಈ ಭೂಮಿಯ ಮೇಲೆ ಕಾಕಾರಿಗೆ ‘ಲೇ’ ಅನ್ನುವವರು ಮುಗಿದರು. ಉಳಿದವರದ್ದೆಲ್ಲ ‘ರಿ’.

ಮೊನ್ನೆ ಹೋದಾಗ ಮೊಬೈಲಿನಲ್ಲಿ ಬರೀ ಬೀಟ್ ಹಚ್ಚಿಕೊಂಡು ಚಾಪೆಯ ಮೇಲೆ ಕುಳಿತಿದ್ದರು. ಒಂದು ಸಾಲು ಬೈದರು. ಸುಮ್ಮನಾದರು. ಎದುರಿನ ಗೋಡೆಯೇ ಜೋಡಿ ಎಂಬಂತೆ ಅದರ ಪಾಲಿನ ಬೀಟ್ ಪೂರ್ತಿ ಕಳೆಯಲು ಬಿಟ್ಟು, ಮತ್ತೊಂದು ಸಾಲು ಬೈದರು. ಮತ್ತೆ ಕಾದರು.

ಹೊಸ್ತಿಲಲ್ಲಿ ನಿಂತೆ. ಕಣ್ಣು ಮುಚ್ಚಿ ಅಂದೇಬಿಟ್ಟೆ: “ಲೇ ಮುದುಕಾ, ಹಲ್ಲು ಉದುರಿ ಹೋದ್ರೂ ಕಚ್ಚಾಕ ಬರ್ತಿ... ರಿ!”

ಕಾಕಾ ತಿರುಗಿ ನೋಡಿದರು. ಬೀಟ್ ನಿಲ್ಲಿಸಲಿಲ್ಲ.

“ಕಡೀಕ ‘ರಿ’ ಹಚ್ಚಿ ಕೆಡಿಸಿದಿ,” ಅಂದರು. ಚಾಪೆಯ ಮೇಲೆ ಒಂದಿಷ್ಟು ಸರಿದು ಜಾಗ ಬಿಟ್ಟರು.

“ಕುಂದರಲೇ. ಈಗ ನನ್ನ ಪಾಳಿ.”