ಅತ್ತೆಯ ಸಾವು ಮತ್ತು ನನ್ನ ಎಂ.ಎ.

ಚೆನ್ನಾಗಿ ಬರೆಯುತ್ತೇನೆ ಎಂಬ ನಂಬಿಕೆಯನ್ನು ನನ್ನಲ್ಲಿ ಯಾರೂ ತುಂಬಿದ್ದಲ್ಲ. ಕೆಲವರಿಗೆ ಗಲ್ಲದ ಮೇಲೆ ಮಚ್ಚೆ ಇರುತ್ತದಲ್ಲ, ಹಾಗೆ ಅದು ಹುಟ್ಟಿನಿಂದಲೇ ಬಂದದ್ದು. ಮದುವೆಯಾಗಿ ವಿಜಾಪುರದ ಕಡೆಯಿಂದ ಗೋವೆಯ ಸಾಂಕೋಲೆಗೆ ಬಂದು, ಅಲ್ಲಿಯ ಕನ್ನಡ ಶಾಲೆಯಲ್ಲಿ ಟೀಚರಾದ ಮೇಲೂ ಅದು ಅಳಿಸಲಿಲ್ಲ. ವಾರ್ಷಿಕೋತ್ಸವದ ವರದಿ ಬರೆದರೂ ಕೇಳಿದವರ ಕಣ್ಣಲ್ಲಿ ನೀರು ಬರಬೇಕು ಎಂಬುದು ನನ್ನ ಹಟ. ಹೆಡ್‌ಮಾಸ್ತರರ ಕಣ್ಣಲ್ಲಿ ಬರುತ್ತಲೂ ಇತ್ತು. ಕಾರಣವನ್ನು ನಾನು ವಿಚಾರಿಸಲಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸೃಜನಶೀಲ ಬರವಣಿಗೆಯಲ್ಲಿಯೇ ಎಂ.ಎ. ಮಾಡಬಹುದು, ಪಾಠಗಳು ಅಂಚೆಯಲ್ಲಿ ಬರುತ್ತವೆ, ರಜೆಯಲ್ಲಿ ಮಾತ್ರ ತರಗತಿ ಎಂಬ ಪ್ರಕಟಣೆಯನ್ನು ಪೇಪರಿನಲ್ಲಿ ಕಂಡಾಗ, ಇದನ್ನು ನನಗಾಗಿಯೇ ಹಾಕಿದ್ದಾರೆ ಎನಿಸಿತು. ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಫಿಟ್ಟರ್. ವಿಷಯ ಕೇಳಿ ಅವರು ಚಹಾದ ಕಪ್ಪನ್ನು ಕೆಳಗಿಟ್ಟರು.

"ಬರಿಯೂದನ್ನ ಕಲಿಯಾಕ ಎರಡ ವರ್ಷ ಬೇಕೇನ? ಒಂದನೇತ್ತಾದಾಗ ಕಲಿಸಿಲ್ಲೇನ ನಿನಗ?"

"ಅದು ಅಕ್ಷರ ರೀ. ಇದು ಕಥಿ."

"ಕಥಿ ಹೇಳಾಕ ಎಂ.ಎ. ಯಾಕ ಬೇಕು? ನಮ್ಮ ಸೂಪರ್‌ವೈಜರ್ ದಿನಾ ಹೇಳ್ತಾನ."

ಹೀಗೆಂದವರೇ ಮರುದಿನ ಕ್ಯಾಂಟೀನಿನಲ್ಲಿ "ನಮ್ಮಾಕಿ ಎಂ.ಎ. ಮಾಡಾಕತ್ತಾಳ" ಎಂದು ಎಲ್ಲರಿಗೂ ಚಹಾ ಕುಡಿಸಿ ಬಂದರು.

ಮೊದಲ ಪಾಠದಲ್ಲಿ, ಹತ್ತಿರದವರನ್ನು ಸೂಕ್ಷ್ಮವಾಗಿ ಗಮನಿಸಿ ಎಂದಿತ್ತು. ಯಜಮಾನರು ಉಣ್ಣುವಾಗ ಎದುರಿಗೆ ಕೂತು ಗಮನಿಸಿದೆ. ಅವರು ಎರಡು ತುತ್ತು ತಿಂದು ಗಾಬರಿಯಾದರು. "ಯಾಕ ಹಂಗ ನೋಡಾಕತ್ತಿ? ಪಲ್ಯಾದಾಗ ಏನರ ಬಿದ್ದೈತೇನ?" ಇನ್ನು ಮನೆಯಲ್ಲಿ ಉಳಿದದ್ದು ನಮ್ಮತ್ತೆ. ಅವರು ಬೊಗ್ಮಾಳೊ ಬೀಚಿನಲ್ಲಿ ಮಣಿಸರ, ಕಸೂತಿ ಚೀಲ ಮಾರುತ್ತಿದ್ದರು. ಕೊಂಕಣಿ, ಹಿಂದಿ, ಜೊತೆಗೆ ಬಿಳಿಯರ ನಾಲ್ಕಾರು ಮಾತು ಕಲಸಿ ಶುರು ಮಾಡಿದರೆಂದರೆ ಯಾವ ದೇಶದವರೂ ಬರಿಗೈಲಿ ಹೋಗುತ್ತಿರಲಿಲ್ಲ. ಇಂಥವರು ಮನೆಯಲ್ಲಿರುವಾಗ ಪಾತ್ರಕ್ಕೆ ಬೇರೆಲ್ಲಿಗೆ ಹೋಗಲಿ? ಬೀಚಿನಲ್ಲಿ ಮಣಿಸರ ಮಾರುವ ಮುದುಕಿಯ ಕತೆ ಬರೆದೆ. ಕೊನೆಯಲ್ಲಿ ಆಕೆ ಸಾಯುತ್ತಾಳೆ. ಕಳಿಸುವ ಮೊದಲು ಮನೆಯವರಿಗೆ ಓದಿ ಹೇಳಬೇಕು ಎಂಬ ಸೂಚನೆ ಇದ್ದದ್ದರಿಂದ ಒಂದು ಸಂಜೆ ಗಟ್ಟಿಯಾಗಿ ಓದಿದೆ. ನನ್ನ ದನಿ ನನಗೇ ಹಿಡಿಸಿತು.

ಅತ್ತೆ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಸತ್ತಾಕಿ ನಾನ ಅಲ್ಲೇನ?"

"ಅಲ್ಲರಿ ಅತ್ತಿ. ಅದು ಪಾತ್ರ."

"ಪಾತ್ರದ ಗದ್ದದ ಮ್ಯಾಲೂ ಹಚ್ಚಿ ಬೊಟ್ಟ ಐತೇನ? ಹೋಗ್ಲಿ, ಯಾವ ಜಡ್ಡಿಲೆ ಸತ್ತೆ?"

"ಜಡ್ಡಲ್ರಿ. ಕೊರಗಿನಿಂದ."

"ಕೊರಗು ಯಾರ ಕೊಟ್ರು?"

"ಸೊಸಿ" ಎಂದೆ. ಯಜಮಾನರು ಸೈಕಲ್ಲಿನ ಗಾಳಿ ನೋಡುವ ನೆವದಿಂದ ಹೊರಗೆ ಹೋದರು.

"ಸಾಯಿಸಿದ್ದಕ್ಕ ನನಗ ಸಿಟ್ಟಿಲ್ಲವಾ. ಮಣ್ಣ ಮಾಡೂದನ್ನ ಒಂದ ಸಾಲಿನ್ಯಾಗ ಮುಗಿಸಿಯಲ್ಲ! ನನಗ ಹಿಂದ ಮುಂದ ಮಂದಿ ಇಲ್ಲೇನ?"

"ಕಲಾದಾಗ ಸಂಯಮ ಇರಬೇಕ್ರಿ ಅತ್ತಿ."

"ಹಂಗಾರ ಸಂಯಮ ಇಟಕೊಂಡ ನೀನ ರೊಟ್ಟಿ ಬಡಿ" ಎಂದವರೇ ಬೆಳಗಾಗುತ್ತಲೇ ಗಂಟು ಕಟ್ಟಿಕೊಂಡು ಕೊರ್ತಾಲಿಮ್‌ನಲ್ಲಿದ್ದ ತಂಗಿಯ ಮನೆಗೆ ಹೊರಟುಹೋದರು.

ಅವರು ಹೋದ ಮೇಲೆ ನನ್ನ ಎಂ.ಎ. ಯಾರ ಆಧಾರದ ಮೇಲೆ ನಿಂತಿತ್ತು ಎಂಬುದು ತಿಳಿಯಿತು. ಬೆಳಿಗ್ಗೆ ರೊಟ್ಟಿ, ನೀರು, ಶಾಲೆ, ಮತ್ತೆ ರೊಟ್ಟಿ. ಪೆನ್ನು ಮುಟ್ಟಲು ಪುರಸೊತ್ತಿಲ್ಲ. ನನ್ನ ರೊಟ್ಟಿಯನ್ನು ಮುರಿಯಲು ಫಿಟ್ಟರ್ ಆದವರೇ ಹೆಣಗುತ್ತಿದ್ದರು. ಕೊನೆಗೆ ಅವರು, "ಅವ್ವ ಬೇಕೊ, ಎಂ.ಎ. ಬೇಕೊ ನೋಡು. ನನಗಂತೂ ಅವ್ವ ಬೇಕು" ಎಂದುಬಿಟ್ಟರು. ನನಗೆ ಎರಡೂ ಬೇಕಾಗಿತ್ತು. ಭಾನುವಾರ ಬಸ್ಸು ಹತ್ತಿದೆ.

ತಂಗಿಯ ಮನೆ ಮುಂದಿನ ಕಟ್ಟೆಯ ಮೇಲೆ ಅತ್ತೆ ನಡುವೆ ಕೂತಿದ್ದರು. ಸುತ್ತ ಓಣಿಯ ಹೆಂಗಸರು. ಹೇಳುತ್ತಿದ್ದದ್ದು ನನ್ನದೇ ಕತೆ! ಆದರೆ ಮುದುಕಿ ಇನ್ನೂ ಸತ್ತಿರಲಿಲ್ಲ. ಪ್ರಾಣ ಬಿಡುವ ಮೊದಲು ಓಣಿಯವರಿಗೆಲ್ಲ ಒಬ್ಬೊಬ್ಬರಾಗಿ ಬುದ್ಧಿ ಹೇಳುತ್ತಿದ್ದಳು. ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ನನ್ನನ್ನು ನೋಡಿದ್ದೇ ಒಬ್ಬಾಕೆ, "ಇಕಿನಽ ಏನ್ರಿ ಆ ಸೊಸಿ?" ಎಂದು ಕೇಳಿದಳು. ಎಲ್ಲರೂ ತಿರುಗಿ ನೋಡಿದ ಆ ನೋಟಕ್ಕೆ ನಾನು ಆಗಷ್ಟೇ ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡೆ. ಕಲೆಯ ದೃಷ್ಟಿಯಿಂದ ನನ್ನ ಕತೆಯೇ ಮೇಲು. ಈ ಮಾತನ್ನು ನಾನು ಇವತ್ತಿಗೂ ಬಿಟ್ಟುಕೊಡುವುದಿಲ್ಲ. ಆದರೆ ಆ ಕಟ್ಟೆಯ ಮುಂದೆ ನಿಂತು ಹಾಗೆನ್ನುವ ಧೈರ್ಯವಾಗಲಿಲ್ಲ.

"ಮನಿಗೆ ಬರ್ರಿ ಅತ್ತಿ. ಬೇಕಾರ ನಿಮ್ಮನ್ನ ಬದುಕಿಸ್ತೇನಿ."

"ಬ್ಯಾಡ. ಸತ್ತರ ಚಲೋನ ಅನಸ್ತೈತಿ" ಎಂದು ಅತ್ತೆ ಯೋಚಿಸಿ ಹೇಳಿದರು. "ಆದ್ರ ಸೊಸಿ ಎದಿ ಬಡಕೊಂಡ ಅಳಬೇಕು. ವಾಸ್ಕೋದಿಂದ ಕುಂಡಯಿತನಾ ಮಂದಿ ಬರಬೇಕು. ಖರೇ ಬರೀತಿಯೇನ?"

ಬರೆಯುತ್ತೇನೆ ಎಂದು ಎಲ್ಲ ಹೆಂಗಸರ ಎದುರಿಗೆ ಮಾತು ಕೊಟ್ಟೆ. ಅಂದೇ ಸಂಜೆಯ ಬಸ್ಸಿಗೆ ಗಂಟಿನ ಸಮೇತ ಕರೆತಂದೆ. ಅವರು ರೊಟ್ಟಿ ಬಡಿದರು, ನಾನು ಪಕ್ಕದಲ್ಲಿ ಕೂತು ಅಳುವುದನ್ನು ಬರೆದೆ. ಇನ್ನೂ ಜೋರಾಗಿ ಅಳಬೇಕು ಎಂದು ಅವರು ನಡುನಡುವೆ ಹೇಳುತ್ತಿದ್ದರು.

ರಜೆಯ ತರಗತಿಯಲ್ಲಿ ಪ್ರಾಧ್ಯಾಪಕರು ಕತೆಯನ್ನು ಕೈಯಲ್ಲಿ ಹಿಡಿದು ನನ್ನನ್ನು ಎಬ್ಬಿಸಿದರು. "ಕತೆ ಚೆನ್ನಾಗಿದೆ. ಆದರೆ ಮುದುಕಿ ಸತ್ತ ಮೇಲೆ ಇಷ್ಟು ಪುಟ ಯಾಕೆ ಅಳುತ್ತಿದ್ದಾರೆ? ಅದನ್ನು ತೆಗೆದುಬಿಡಿ."

"ತೆಗೆಯಲು ಆಗುವುದಿಲ್ಲ ಸರ್."

"ಯಾಕೆ?"

"ಸತ್ತವರು ಒಪ್ಪುವುದಿಲ್ಲ ಸರ್."

ಆ ಅಳುವನ್ನು ತೆಗೆದಿದ್ದರೆ ಫಸ್ಟ್ ಕ್ಲಾಸ್ ಬರುತ್ತಿತ್ತು ಎಂದು ಆಮೇಲೆ ಅವರೇ ಹೇಳಿದರು. ಸೆಕೆಂಡ್ ಕ್ಲಾಸ್ ಬಂತು. ಯಜಮಾನರು ಕಾರ್ಖಾನೆಯಲ್ಲಿ ಪೇಢೆ ಹಂಚಿದರು. ಅತ್ತೆಯಂತೂ ಬೀಚಿನಿಂದ ಬಸ್‌ಸ್ಟ್ಯಾಂಡಿನವರೆಗೆ ಸಿಕ್ಕ ಸಿಕ್ಕವರನ್ನು ನಿಲ್ಲಿಸಿ, "ನಾ ಸತ್ತು ನಮ್ಮ ಸೊಸಿಗೆ ಎಂ.ಎ. ಕೊಡಿಸೇನಿ" ಎಂದು ಹೇಳತೊಡಗಿದರು. ನಾನು ತಿದ್ದಲು ಹೋಗಲಿಲ್ಲ. ತಿದ್ದಿದರೆ, ಮುಂದಿನ ಸಲ ಆ ಕಟ್ಟೆಯ ಮೇಲೆ ಅವರು ನನ್ನನ್ನೇ ಸಾಯಿಸಿಯಾರು. ಸಾಯುವುದಕ್ಕೆ ನನಗೂ ತಕರಾರಿಲ್ಲ. ಆದರೆ ಕೊರ್ತಾಲಿಮ್‌ನ ಆ ಹೆಂಗಸರ ಮುಖ ನೋಡಿ ಬಂದವಳು ನಾನು. ಒಬ್ಬಳೂ ಅಳುವುದಿಲ್ಲ.