ಮೇಷ್ಟ್ರ ಬೆನ್ನುನೋವು

ಬೆಳಗ್ಗೆ ಹಾಲಿನ ಪಾತ್ರೆ ಹಿಡಿದು ಬಾಗಿಲಿಗೆ ಬಂದ ಜಯರಾಮಪ್ಪ ಮೇಷ್ಟ್ರಿಗೆ ಎದುರುಮನೆಯ ಗಂಗುಲಪ್ಪ ಕೈಮುಗಿದಾಗಲೇ ಎಡಗಣ್ಣು ಅದುರಿತು.

"ಮೇಷ್ಟ್ರೇ, ಒಂದು ಸೈನ್ ಹಾಕ್ಬೇಕಿತ್ತು. ಮಗಳ ಹೆಸರಿಗೆ ಸೈಟು ಬರೆದುಕೊಡ್ತಾ ಇದೀನಿ. ಸಾಕ್ಷಿಗೆ ನಿಮ್ಮಂಥೋರು ನಿಂತ್ರೆ ಒಂದು ತೂಕ."

"ಅದಕ್ಕೇನಂತೆ, ತನ್ನಿ, ಇಲ್ಲೇ ಹಾಕಿಕೊಡ್ತೀನಿ."

"ಇಲ್ಲಿ ಹಾಕಿದ್ರೆ ಆಗುತ್ತಾ? ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬರ್ಬೇಕು. ಹತ್ತು ಗಂಟೆಗೆ ಆಟೋ ಹೇಳಿದೀನಿ."

ಅರ್ಧ ಹಾಲು ಹೊಸ್ತಿಲಿಗೆ ಅಭಿಷೇಕವಾಯಿತು.

ಇಡೀ ಚಿಂತಾಮಣಿಯಲ್ಲಿ ಮೇಷ್ಟ್ರು ಅಕ್ಕಪಕ್ಕದವರ ಜೊತೆ ಹೋಗಬಾರದ ಜಾಗ ಅದೊಂದೇ ಇತ್ತು. ಅಲ್ಲಿನ ನೋಟೀಸ್ ಬೋರ್ಡಿನಲ್ಲಿ, ಗುಂಡುಪಿನ್ನು ಚುಚ್ಚಿಸಿಕೊಂಡು, ಅವರದೇ ಫೋಟೋ ನೇತಾಡುತ್ತಿತ್ತು. ಪಕ್ಕದಲ್ಲಿ ಮುರುಗಮಲ್ಲದ ಆಸ್ಪತ್ರೆಯ ರಾಧಾಮಣಿ ಸಿಸ್ಟರ್ ಫೋಟೋ. ಮೇಲೆ ದಪ್ಪಕ್ಷರದಲ್ಲಿ, ಇವರಿಬ್ಬರೂ ಮದುವೆಯಾಗಲಿದ್ದಾರೆ, ಯಾರದಾದರೂ ತಕರಾರಿದ್ದರೆ ಮೂವತ್ತು ದಿನದೊಳಗೆ ತಿಳಿಸತಕ್ಕದ್ದು ಎಂಬ ಒಕ್ಕಣೆ.

ಮೇಷ್ಟ್ರಿಗೆ ಅರವತ್ತೆರಡು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಕೆಂಚಾರ್ಲಹಳ್ಳಿಯ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ರಿಟೈರಾದವರು, ಬಿ.ಪಿ. ನೋಡಿಸಿಕೊಳ್ಳಲು ಪ್ರತಿ ಮಂಗಳವಾರ ರಾಧಾಮಣಿಯ ಹತ್ತಿರ ಹೋಗಿ ಹೋಗಿ, ಒಂದು ದಿನ ಬಿ.ಪಿ. ಸರಿಯಾಗಿದ್ದಾಗಲೂ ಹೋದರು. ಆಕೆಗೂ ಗಂಡನಿಲ್ಲ, ಐವತ್ತೈದು ವಯಸ್ಸು, ಮುಚ್ಚುಮರೆಯಿಲ್ಲದ ಮಾತು. "ಮದುವೆ ಆಗೋಣ್ವಾ?" ಎಂದು ಕೇಳಿದ್ದೂ ಆಕೆಯೇ. ಮೇಷ್ಟ್ರು ಹೂಂ ಎಂದರು, ಆದರೆ ಈ ವಯಸ್ಸಿನಲ್ಲಿ ಬಾಸಿಂಗ ಕಟ್ಟಿಕೊಂಡು ಕೂರುವುದನ್ನು ನೆನೆದರೇ ಅವರಿಗೆ ಬೆವರು. ಗುಟ್ಟಾಗಿ ಮುಗಿಯಲಿ ಎಂದು ರಿಜಿಸ್ಟರ್ ಮದುವೆ ಆರಿಸಿಕೊಂಡರು. ವಾಲಗ ಊದಿಸಿದ್ದರೆ ಒಂದು ದಿನದ ಗದ್ದಲ. ಇಲ್ಲಿ ಸರ್ಕಾರವೇ ಗೋಡೆಗೆ ಪಟ ಹಾಕಿ ಮೂವತ್ತು ದಿನ ಸಾರುತ್ತದೆಂದು ಅರ್ಜಿ ಕೊಟ್ಟ ಮೇಲೆ ಗೊತ್ತಾಯಿತು.

"ಯಾರೂ ಓದಲ್ಲ ಸಾ," ಎಂದು ಅಲ್ಲಿನ ಗುಮಾಸ್ತ ಮುರಳಿಮೋಹನ್ ಧೈರ್ಯ ಹೇಳಿದ್ದ. ಅವನು ಮೇಷ್ಟ್ರ ಹಳೇ ಶಿಷ್ಯ. ಹೋಂವರ್ಕ್ ಬಗ್ಗೆ ಸುಳ್ಳು ಹೇಳಿ ಸಿಕ್ಕಿಬಿದ್ದು 'ಸುಳ್ಳು ಹೇಳಬಾರದು' ಎಂದು ನೂರು ಸಲ ಬರೆದವನು.

ಇವತ್ತು ಇಪ್ಪತ್ತೊಂಬತ್ತನೇ ದಿನ. ಇನ್ನೊಂದೇ ದಿನ ಕಳೆದಿದ್ದರೆ ಸಾಕಿತ್ತು. ಸಾಲದ್ದಕ್ಕೆ ಇವತ್ತೇ ಮಧ್ಯಾಹ್ನ ರಾಧಾಮಣಿ ಮದುವೆಗೆ ತಾನೇ ಗೊತ್ತುಮಾಡಿದ ಸಾಕ್ಷಿಗಳ ಆಧಾರ್ ಪ್ರತಿ ಕೊಡಲು ಬರುವವಳಿದ್ದಳು. "ನೀವೂ ಬನ್ನಿ" ಅಂದಿದ್ದಳು. "ಒಟ್ಟಿಗೆ ನೋಡಿದವರು ಏನಂದಾರು?" ಅಂದಿದ್ದರು ಮೇಷ್ಟ್ರು. ಆಕೆ ಫೋನಿನಲ್ಲೇ ಕೇಳಿದ್ದಳು: "ಮೇಷ್ಟ್ರೇ, ನಿಮಗೆ ನಾಚಿಕೆ ಮದುವೆ ಬಗ್ಗೇನೋ, ನನ್ನ ಬಗ್ಗೇನೋ? ಅದೊಂದು ತಿಳ್ಕೊಂಡು ಹೇಳಿ. ನನ್ನ ಬಗ್ಗೆ ಆದ್ರೆ ಈಗಲೇ ನಿಲ್ಲಿಸಿಬಿಡಣ." ಮೇಷ್ಟ್ರು "ಛೆ ಛೆ" ಎಂದಿದ್ದರು. ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮಧ್ಯಾಹ್ನದೊಳಗೆ ಸೈನ್ ಹಾಕಿ ಓಡಿಬಂದರಾಯಿತು ಎಂದು ಲೆಕ್ಕ ಹಾಕಿ ಮೇಷ್ಟ್ರು ಆಟೋ ಹತ್ತಿದರು. ಮಾಗಿಯ ಚಳಿ. ರಾಧಾಮಣಿ ಕೈಯಾರೆ ಹೆಣೆದುಕೊಟ್ಟ ಗಿಳಿಹಸಿರು ಸ್ವೆಟರ್ ಮೈಮೇಲಿತ್ತು.

"ಸ್ವೆಟರ್ ಚೆನ್ನಾಗೈತೆ, ಯಾರು ಹೆಣೆದಿದ್ದು?" ಎಂದಳು ಗಂಗುಲಪ್ಪನ ಹೆಂಡತಿ ಕದಿರಮ್ಮ.

"ಬೆಂಗಳೂರು ಫುಟ್‌ಪಾತಲ್ಲಿ ತಗೊಂಡಿದ್ದು," ಎಂದರು ಮೇಷ್ಟ್ರು. ದಿನದ ಮೊದಲ ಸುಳ್ಳು.

ಆಫೀಸಿನ ಮೊಗಸಾಲೆಗೆ ಕಾಲಿಟ್ಟವರೇ ಅವರು ಎಲ್ಲರಿಗಿಂತ ಮುಂದೆ ಬಿರುಸಾಗಿ ನಡೆದು, ಬೋರ್ಡಿಗೆ ಬೆನ್ನು ಕೊಟ್ಟು, ಸರಿಯಾಗಿ ತಮ್ಮ ಫೋಟೋದ ಮೇಲೆ ಒರಗಿ ನಿಂತರು. ರಾಧಾಮಣಿಯ ಮುಖ ಬಲಭುಜದ ಹಿಂದೆ ಮುಚ್ಚಿಹೋಯಿತು.

"ಸರ್ವರ್ ಡೌನ್," ಎಂದು ಒಳಗಿನಿಂದ ಕೂಗು ಬಂತು. ಕಾಯುತ್ತಿದ್ದವರೆಲ್ಲ ಒಟ್ಟಿಗೆ ನಿಟ್ಟುಸಿರು ಬಿಟ್ಟರು.

ಹನ್ನೊಂದಾಯಿತು. ಹನ್ನೆರಡಾಯಿತು. ಮೇಷ್ಟ್ರು ಅಲ್ಲಾಡಲಿಲ್ಲ.

"ಕೂತ್ಕೊಳಿ ಮೇಷ್ಟ್ರೇ, ಬೆಂಚು ಖಾಲಿ ಐತೆ," ಎಂದ ಗಂಗುಲಪ್ಪ.

"ಬೇಡಪ್ಪ, ಬೆನ್ನು ಹಿಡ್ಕೊಂಡಿದೆ. ಗೋಡೆಗೆ ಒರಗಿದ್ರೇನೇ ಹಿತ." ಎರಡನೇ ಸುಳ್ಳು.

ಬೆನ್ನು ಹಿಡಿದಿದೆ ಎಂದರೆ ನಮ್ಮ ಕಡೆ ಜನ ಸುಮ್ಮನಿರುತ್ತಾರೆಯೇ? ಒಬ್ಬ ಹುರಳಿಕಾಳಿನ ಶಾಖ ಹೇಳಿದ. ಇನ್ನೊಬ್ಬ ಕೋಲಾರದ ಡಾಕ್ಟರ ನಂಬರು ಕೊಟ್ಟ. ಪತ್ರ ಬರೆಯುವ ಮಧುಸೂದನ್ ಕನ್ನಡಕದ ಮೇಲಿಂದ ನೋಡಿ, "ವಾಯು," ಎಂದು ತೀರ್ಪು ಕೊಟ್ಟ. ಕದಿರಮ್ಮ ಮಾತ್ರ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು.

"ನಾನಿರೋವಾಗ ಬೇರೆಯೋರು ಯಾಕೆ?"

ಮೇಷ್ಟ್ರು ಬೋರ್ಡಿಗೆ ಇನ್ನಷ್ಟು ಒತ್ತಿಕೊಂಡರು. ಕದಿರಮ್ಮ ಎದುರುಕಾಲಲ್ಲಿ ಹುಟ್ಟಿದವಳು. ತಾಯಿ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವರು ಒದ್ದರೆ ಹಿಡಿದ ಬೆನ್ನು ಬಿಡುತ್ತದೆಂದು ಜನರ ನಂಬಿಕೆ. ಸೊಂಟ ಉಳುಕಿದವರು ಬೆಳಗಾದರೆ ಆಕೆಯ ಬಾಗಿಲಲ್ಲಿ ಬಗ್ಗಿ ನಿಲ್ಲುತ್ತಿದ್ದರು.

"ಬೇಡ ಕದಿರಮ್ಮ, ಅದಾಗಲೇ ಕಮ್ಮಿ ಆಯ್ತು!"

"ನಾಚ್ಕೋಬೇಡಿ. ಮೂರು ಒದೆ, ಅಷ್ಟೇ. ತಿರುಕ್ಕೊಳಿ. ಏಮಂಡೀ, ಹಿಡ್ಕೊಳಿ ಮೇಷ್ಟ್ರನ್ನ."

ಗಂಗುಲಪ್ಪ ಒಂದು ರಟ್ಟೆ, ಮಧುಸೂದನ್ ಇನ್ನೊಂದು ರಟ್ಟೆ ಹಿಡಿದು ಎಳೆದರು. ಮೇಷ್ಟ್ರು ಹಲ್ಲಿಯ ಹಾಗೆ ಬೋರ್ಡಿಗೆ ಅಂಟಿಕೊಂಡು ನೋಡಿದರು, ಆಗಲಿಲ್ಲ. ಸರ್ರೆಂದು ಏನೋ ಸದ್ದಾಯಿತು. ಇಬ್ಬರೂ ಅವರನ್ನು ಬಾಗಿಲ ಕಡೆಗೆ ತಿರುಗಿಸಿ ಬಗ್ಗಿಸಿದರು. ಕದಿರಮ್ಮನ ಎಡಗಾಲು ಸೊಂಟದ ಕೆಳಗೆ ಬಿತ್ತು. ಒಂದು, ಎರಡು. ಮೂರನೆಯದಕ್ಕೆ ಮೇಷ್ಟ್ರು ಬಾಗಿಲವರೆಗೂ ಹೋಗಿ ನಿಂತರು.

ಜೀವವೇ ಹೋದಂತಾಗಿ ಹಿಂತಿರುಗಿ ಬೋರ್ಡು ನೋಡಿದರೆ, ನೋಟೀಸು ಇದ್ದ ಜಾಗ ಖಾಲಿ! ತಮ್ಮ ಫೋಟೋ ಇಲ್ಲ, ರಾಧಾಮಣಿಯ ಫೋಟೋ ಇಲ್ಲ. ಎಲ್ಲೋ ಮುರಳಿಮೋಹನನೇ ಗುರುಭಕ್ತಿಯಿಂದ ಈ ಗದ್ದಲದಲ್ಲಿ ತೆಗೆದಿಟ್ಟಿರಬೇಕು. ಅವನಿಗೆ ಮೊದಲೇ ಹೇಳಿದ್ದರೆ ಎರಡು ಗಂಟೆ ಕಾಯುವುದು ತಪ್ಪುತ್ತಿತ್ತಲ್ಲ ಎಂದು ಅವರಿಗೆ ನಗು ಬಂತು.

"ಹೋಯ್ತಾ ನೋವು?" ಎಂದಳು ಕದಿರಮ್ಮ.

"ಪೂರ್ತಿ ಹೋಯ್ತಮ್ಮ!" ಎಂದು ಮೇಷ್ಟ್ರು ಎದೆಯುಬ್ಬಿಸಿ ಮೊಗಸಾಲೆಯ ಉದ್ದಕ್ಕೂ ಎರಡು ಸಲ ಓಡಾಡಿ ತೋರಿಸಿದರು. ಟೀ ಕುಡಿದುಬಂದರು. ಗುರುತಿಲ್ಲದವರೂ ಅವರನ್ನು ನೋಡಿ ನಗುತ್ತಿದ್ದರು. ಟೀ ಅಂಗಡಿಯವನು ಕೇಳದೇ ಸಕ್ಕರೆ ಜಾಸ್ತಿ ಹಾಕಿದ. ಒಬ್ಬ ಮುದುಕ ಕೈ ಕುಲುಕಿ, "ಧೈರ್ಯ ಮಾಡಿದ್ರಿ ಬಿಡಿ," ಎಂದ. ಒದೆ ತಿಂದದ್ದಕ್ಕೆ ಇಷ್ಟು ಮರ್ಯಾದೆಯೇ ಎಂದು ಮೇಷ್ಟ್ರು ಎಲ್ಲರಿಗೂ ನಮಸ್ಕಾರ ಹಾಕುತ್ತ ವಾಪಸ್ಸು ಬಂದು ನಿಂತರು.

ಹಿಂದಿನಿಂದ ಮಧುಸೂದನನ ದನಿ ಕೇಳಿತು. ಕ್ರಯಪತ್ರ ಓದಿ ಹೇಳುವ ಅದೇ ರಾಗ.

"ವರ, ಜಯರಾಮಪ್ಪ, ವಯಸ್ಸು ಅರವತ್ತೆರಡು ವರ್ಷ, ವಿಧುರ. ವಧು, ರಾಧಾಮಣಿ, ವಯಸ್ಸು ಐವತ್ತೈದು ವರ್ಷ..."

ಮೇಷ್ಟ್ರು ಗಿರಕಿ ಹೊಡೆದರು. ಮಧುಸೂದನನೂ ಅವರ ಬೆನ್ನಿನ ಜೊತೆಗೇ ಸುತ್ತಿದ.

"ಅಲ್ಲಾಡಬೇಡಿ ಮೇಷ್ಟ್ರೇ, ವಿಳಾಸ ಓದ್ತಾ ಇದೀನಿ."

ಗುಂಡುಪಿನ್ನಿನ ಸಮೇತ ನೋಟೀಸು ಸ್ವೆಟರಿನ ನೂಲಿಗೆ ಸಿಕ್ಕಿಕೊಂಡು ಬೆನ್ನ ಮೇಲೆ ಕೂತಿತ್ತು. ಬೋರ್ಡಿನಲ್ಲಿ ಇಪ್ಪತ್ತೆಂಟು ದಿನ ಯಾರೂ ತಲೆಯೆತ್ತಿ ಓದಿಲ್ಲವೆಂದು ತಾವು ನಂಬಿದ್ದನ್ನು ಅವರೇ ಆಫೀಸಿನ ಮೂಲೆಮೂಲೆಗೂ ಹೊತ್ತು ತಿರುಗಿದ್ದರು. ಜನ ಸುತ್ತ ಕವಿದರು. ಮೇಷ್ಟ್ರ ಕಿವಿ ಕಾದುಹೋಯಿತು, ನೆಲ ಬಾಯಿಬಿಡಬಾರದೇ ಅನ್ನಿಸಿತು. ಆ ನಾಚಿಕೆಯಲ್ಲಿ ಬುದ್ಧಿ ಕೆಲಸ ಮಾಡಲಿಲ್ಲ, ನಾಲಿಗೆ ಮಾಡಿತು.

"ಯಾವನೋ ತಲೆಹರಟೆ ಮಾಡಿದಾನೆ! ಮದುವೆ ಅಂತೆ, ಮದುವೆ! ಈ ಹೆಂಗಸು ಯಾರು ಅಂತಲೇ ನನಗೆ ಗೊತ್ತಿಲ್ಲ."

ಮೂರನೇ ಸುಳ್ಳು. ಯಾರೂ ನಗಲಿಲ್ಲ. ಎಲ್ಲರೂ ಅವರ ಭುಜದಾಚೆ ಬಾಗಿಲ ಕಡೆ ನೋಡುತ್ತಿದ್ದರು.

ಕೈಯಲ್ಲಿ ಆಧಾರ್ ಪ್ರತಿಗಳ ಪ್ಲಾಸ್ಟಿಕ್ ಕವರು ಹಿಡಿದು ರಾಧಾಮಣಿ ನಿಂತಿದ್ದಳು. ಮುಡಿಯಲ್ಲಿ ಒಂದು ಮೊಳ ಕನಕಾಂಬರ. ಆಕೆ ಮೆಲ್ಲಗೆ ಬಂದು, ಇಂಜೆಕ್ಷನ್ ಸೂಜಿ ಹಿಡಿದ ಕೈಯಲ್ಲವೇ, ಒಂದು ಎಳೆಯೂ ಹರಿಯದಂತೆ ಪಿನ್ನು ಬಿಡಿಸಿ ಕಾಗದ ತೆಗೆದಳು.

"ನೂಲು ಒಂದು ಕಡೆ ಎಳೆದುಬಿಟ್ಟಿದೆ," ಎಂದಳು.

"ರಾಧಾ... ಸಿಸ್ಟರ್... ಅದು ಹಾಗಲ್ಲ..."

"ಗುರುತಿಲ್ಲದ ಹೆಂಗಸನ್ನ ಹಿಂಗೆಲ್ಲ ಮಾತಾಡಿಸ್ಬಾರ್ದು ಸಾರ್."

ಮೇಷ್ಟ್ರಿಗೆ ಒದೆಗಿಂತ ಅದು ಜೋರಾಗಿ ತಾಗಿತು. ಮೂವತ್ತೈದು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವರಿಗೆ, ಹಾಗೆ ನಿಂತವರಿಗೆ ಹೇಗಾಗುತ್ತದೆ ಎಂದು ಮೊದಲ ಸಲ ತಿಳಿಯಿತು.

ಗಂಗುಲಪ್ಪ ಗಂಟಲು ಸರಿಮಾಡಿಕೊಂಡ. "ಏನ್ ಮೇಷ್ಟ್ರೇ ನೀವು... ಈ ನೋಟೀಸ ನಾವು ಮೂರನೇ ದಿನವೇ ನೋಡಿದ್ವಿ. ಸೈಟಿನ ಕಾಗದಕ್ಕೆ ಬಂದಿದ್ವಲ್ಲ, ಆವಾಗ. ಬೀದಿಗೆಲ್ಲ ಗೊತ್ತು."

"ಬೀದಿಗೆಲ್ಲ?"

"ಹೂಂ ಮತ್ತೆ. ನಿಮಗೆ ನಾಚಿಕೆ ಅಂತ ಬಾಯಿಬಿಡಲಿಲ್ಲ ಅಷ್ಟೇ. ಮದುವೆಗೆ ಮೂರು ಜನ ಸಾಕ್ಷಿ ಬೇಕಂತೆ, ಅದಕ್ಕೆ ಏಳು ಜನ ಜಗಳ ಆಡಿದ್ರು. ಕೊನೆಗೆ ಚೀಟಿ ಎತ್ತಿ, ಸಿಸ್ಟರಮ್ಮನಿಗೆ ನಮ್ಮ ಆಧಾರ್ ಕಳಿಸಿದ್ವಿ. ಆ ಕವರಲ್ಲಿರೋದು ನಮ್ಮದೇ."

"ಮತ್ತೆ ಆ ಒದೆ..."

"ಬೆನ್ನುನೋವಿಗಲ್ಲ ಒದ್ದಿದ್ದು," ಎಂದಳು ಕದಿರಮ್ಮ. "ಪಾಪ, ಆಯಮ್ಮನ ಫೋಟೋನ ಎರಡು ಗಂಟೆ ಬೆನ್ನಿಗೆ ಹಾಕ್ಕೊಂಡು ನಿಂತಿದ್ರಲ್ಲ, ಅದಕ್ಕೆ."

ಮುರಳಿಮೋಹನ್ ಕಾಗದ ತೆಗೆದುಕೊಂಡು ನೋಡಿದ. ಅವನಿಗೆ ಮೇಷ್ಟ್ರ ಮುಖ ನೋಡಲಾಗಲಿಲ್ಲ. "ಏನೂ ಆಗಿಲ್ಲ ಸಾ. ಸಾಹೇಬ್ರಿಗೆ ಹೇಳಿ ಮತ್ತೆ ಚುಚ್ತೀನಿ. ಇನ್ನೊಂದು ದಿನ ತಾನೆ."

"ಬೇಡಪ್ಪ," ಎಂದಳು ರಾಧಾಮಣಿ. "ನಾನು ಈ ಅರ್ಜಿ ವಾಪಸ್ ತಗೋತೀನಿ."

ಮೇಷ್ಟ್ರು ಬೆಂಚಿನ ಮೇಲೆ ಕುಸಿದರು. ಇಷ್ಟು ದಿನ ಯಾರಾದರೂ ನೋಡಿಬಿಟ್ಟಾರು ಎಂಬುದೊಂದೇ ಭಯವಿತ್ತು. ಈಗ ಎಲ್ಲರೂ ನೋಡಿದ್ದರು, ಅದರಿಂದ ಏನೂ ಆಗಿರಲಿಲ್ಲ. ಕಳೆದುಕೊಂಡದ್ದು ಬೇರೆಯೇ. "ತಪ್ಪಾಯ್ತು," ಎಂದರು.

ರಾಧಾಮಣಿ ಅವರನ್ನೇ ನೋಡಿದಳು. ಆಮೇಲೆ ಮುರಳಿಮೋಹನನ ಕಡೆ ತಿರುಗಿ, "ಮೇಷ್ಟ್ರು ಸುಳ್ಳು ಹೇಳಿದೋರಿಗೆ ಏನು ಶಿಕ್ಷೆ ಕೊಡ್ತಿದ್ರು?" ಎಂದಳು.

"ಇಂಪೊಸಿಷನ್ ಮೇಡಮ್. ನೂರು ಸಲ."

"ನೂರು ಬೇಡ. ಹೊಸ ಅರ್ಜಿ ಕೊಡು. ಮತ್ತೆ ಮೂವತ್ತು ದಿನ ಹಾಕು. ಮೂವತ್ತು ದಿನವೂ ಇವರು ಇಲ್ಲಿಗೆ ಬರಲಿ, ಬೋರ್ಡಿನ ಮುಂದೆ ಅಲ್ಲ, ಪಕ್ಕದಲ್ಲಿ ನಿಲ್ಲಲಿ. ಓದೋರಿಗೆ ನಾನು ಯಾರು ಅಂತ ಹೇಳಲಿ. ಮೂವತ್ತನೇ ದಿನ ನಾನು ಬಂದು ಯೋಚನೆ ಮಾಡ್ತೀನಿ."

ಮರುದಿನ ಬೆಳಗ್ಗೆ ಹತ್ತಕ್ಕೆ ಮೇಷ್ಟ್ರು ಗಿಳಿಹಸಿರು ಸ್ವೆಟರು ತೊಟ್ಟು ಬೋರ್ಡಿನ ಪಕ್ಕ ನಿಂತರು. ಹೊಸ ನೋಟೀಸು, ಹೊಸ ಪಿನ್ನು. ಅಂಬಾಜಿದುರ್ಗದ ಕಡೆಯ ಒಬ್ಬಳು ಮುದುಕಿ, ಶ್ಯಾಮಲಮ್ಮ ಎಂದು ಹೆಸರು, ಯಾವುದೋ ಪಾಲುಪತ್ರಕ್ಕೆ ಬಂದವಳು, ಫೋಟೋದ ಹತ್ತಿರ ಮೂಗು ತಂದು ನೋಡಿದಳು.

"ಈಯಮ್ಮ ಯಾರಪ್ಪ?"

ಮೇಷ್ಟ್ರು ಆಚೀಚೆ ನೋಡಿದರು. "ರಾಧಾಮಣಿ ಅಂತ. ನಾನು ಮದುವೆ ಆಗಬೇಕು ಅಂತಿರೋ ಹೆಂಗಸು," ಎಂದರು, ಇಡೀ ಮೊಗಸಾಲೆಗೆ ಕೇಳುವಷ್ಟು ಜೋರಾಗಿ.

ಮುದುಕಿ ಅವರನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ಮತ್ತೆ ಫೋಟೋ ನೋಡಿದಳು.

"ಲಕ್ಷಣವಾಗವ್ಳೆ. ನಿನ್ನ ಒಪ್ಪಿದ್ಲಾ?"

"ಅದು ಗೊತ್ತಾಗೋಕೆ," ಎಂದರು ಮೇಷ್ಟ್ರು, "ಇನ್ನೂ ಇಪ್ಪತ್ತೊಂಬತ್ತು ದಿನ ಇದೆಯಮ್ಮ."